ಕಿಟ್ ಲೆನ್ಸ್‌ನ ಮುಂದಿನ ಹೆಜ್ಜೆ: ಹವ್ಯಾಸಿ ಛಾಯಾಗ್ರಾಹಕರು ಲೆನ್ಸ್ ಮತ್ತು ಪರಿಕರಗಳನ್ನು ಕೊಳ್ಳುವ ಬಗೆ

ಕ್ಯಾಮೆರಾದ ಜೊತೆಗೇ ಬರುವ 18-55 ಮಿ.ಮೀ. ಕಿಟ್ ಲೆನ್ಸ್‌ನಲ್ಲಿ ಒಂದಷ್ಟು ತಿಂಗಳು ಚಿತ್ರ ತೆಗೆದ ಮೇಲೆ ಹವ್ಯಾಸಿಗಳಿಗೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ ಒಂದೇ: ಮುಂದಿನ ಲೆನ್ಸ್ ಯಾವುದು? ಅಂಗಡಿಯವರನ್ನು ಕೇಳಿದರೆ ದಾಸ್ತಾನಿನಲ್ಲಿ ಇರುವುದನ್ನು ತೋರಿಸುತ್ತಾರೆ, ಗೆಳೆಯರನ್ನು ಕೇಳಿದರೆ ತಮ್ಮ ಹೆಗಲಿಗೆ ಇರುವುದನ್ನೇ ಹೊಗಳುತ್ತಾರೆ. ಈ ಪ್ರಶ್ನೆಗೆ ಸರಿಯಾದ ಉತ್ತರ ನೀವು ಈಗಾಗಲೇ ತೆಗೆದಿರುವ ಚಿತ್ರಗಳಲ್ಲಿದೆ ಎಂಬುದು ಈ ಲೇಖನದ ನಿಲುವು. ಆ ಉತ್ತರವನ್ನು ಓದಿಕೊಳ್ಳುವುದರಿಂದ ಆರಂಭಿಸಿ, ಲೆನ್ಸ್ ಕ್ಯಾಮೆರಾಕ್ಕೆ ಹೊಂದುತ್ತದೆಯೇ ಎಂದು ನೋಡುವುದು, ಹಳೆಯ ಲೆನ್ಸ್ ಪರೀಕ್ಷಿಸುವುದು, ಪರಿಕರಗಳಲ್ಲಿ ಯಾವುದು ಬೇಕು ಯಾವುದು ಬೇಡ ಎಂದು ತೀರ್ಮಾನಿಸುವುದು, ಕೊಂಡದ್ದನ್ನು ನಮ್ಮ ಮಳೆಗಾಲದಲ್ಲಿ ಉಳಿಸಿಕೊಳ್ಳುವುದು ಎಂಬ ಕ್ರಮದಲ್ಲಿ ಮುಂದೆ ಹೋಗೋಣ.

ಮೊದಲ ಹೆಜ್ಜೆ: ನಿಮ್ಮ ಚಿತ್ರಗಳ ಲೆಕ್ಕ ತೆಗೆಯಿರಿ

ಡಿಜಿಟಲ್ ಕ್ಯಾಮೆರಾ ತೆಗೆದ ಪ್ರತಿಯೊಂದು ಚಿತ್ರದ ಕಡತದಲ್ಲೂ ಆ ಕ್ಷಣದ ಫೋಕಲ್ ಲೆಂಗ್ತ್ (ದೃಶ್ಯವನ್ನು ಲೆನ್ಸ್ ಎಷ್ಟು ಹತ್ತಿರ ತರುತ್ತದೆ ಎಂಬುದರ ಮಿ.ಮೀ. ಅಳತೆ), ಅಪರ್ಚರ್ (ಬೆಳಕು ಒಳಬರುವ ರಂಧ್ರದ ಅಳತೆ), ಶಟರ್ ವೇಗ ಮತ್ತು ಐಎಸ್ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ದಾಖಲಾಗಿರುತ್ತವೆ. ಇದನ್ನು ನೋಡಲು ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಕಾಗಿಲ್ಲ. ವಿಂಡೋಸ್ ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವಿವರಗಳ ಪಟ್ಟಿಯನ್ನು ತೆರೆದು, ಮೇಲಿನ ಅಂಕಣಗಳ ಸಾಲಿನ ಮೇಲೆ ಬಲಗುಂಡಿ ಒತ್ತಿ ಫೋಕಲ್ ಲೆಂಗ್ತ್ ಎಂಬ ಅಂಕಣವನ್ನು ಸೇರಿಸಿಕೊಂಡರೆ ಸಾಕು, ಚಿತ್ರಗಳನ್ನು ಆ ಸಂಖ್ಯೆಯ ಪ್ರಕಾರ ಜೋಡಿಸಿ ನೋಡಬಹುದು. ಉಚಿತವಾಗಿ ಸಿಗುವ ಡಿಜಿಕ್ಯಾಮ್ ಅಥವಾ ಎಕ್ಸಿಫ್‌ಟೂಲ್ ಕೂಡ ಇದೇ ಕೆಲಸ ಮಾಡುತ್ತವೆ. ತೆಗೆದ ಎಲ್ಲ ಚಿತ್ರಗಳನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ನಿಮಗೇ ಮೆಚ್ಚುಗೆಯಾದವು ಒಂದು ಗುಂಪು, ಇನ್ನೇನು ಚೆನ್ನಾಗಿ ಬರಬೇಕಿತ್ತು ಎಂದು ಕೈತಪ್ಪಿದವು ಇನ್ನೊಂದು ಗುಂಪು ಎಂದು ಬೇರ್ಪಡಿಸಿಕೊಳ್ಳಿ. ಎರಡನೆಯ ಗುಂಪಿನಿಂದ ಕಲಿಯಬೇಕಾದದ್ದು ಹೆಚ್ಚು.

ಕೈತಪ್ಪಿದ ಚಿತ್ರಗಳಲ್ಲಿ ಹೆಚ್ಚಿನವು 55 ಮಿ.ಮೀ.ನಲ್ಲಿ ತೆಗೆದವಾಗಿದ್ದು, ಆಮೇಲೆ ನೀವು ಅವುಗಳ ಅಂಚುಗಳನ್ನು ಕತ್ತರಿಸಿ ವಿಷಯವನ್ನು ದೊಡ್ಡದು ಮಾಡಿಕೊಂಡಿದ್ದರೆ ನಿಮಗೆ ದೂರದ್ದನ್ನು ಹತ್ತಿರ ತರುವ ಟೆಲಿಫೋಟೊ ಲೆನ್ಸಿನ ಅಗತ್ಯವಿರಬಹುದು. ಆದರೆ ಅಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆಯಲು ಅವಕಾಶವಿತ್ತೇ ಎಂದೂ ಕೇಳಿಕೊಳ್ಳಿ, ಏಕೆಂದರೆ ಕಾಲು ಮಾಡಬಹುದಾದ ಕೆಲಸಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ಹೆಚ್ಚಿನವು 18 ಮಿ.ಮೀ.ನಲ್ಲಿ ನಿಂತು, ಬೆನ್ನು ಗೋಡೆಗೆ ತಾಗಿದರೂ ದೃಶ್ಯ ಪೂರ್ತಿ ಹಿಡಿಯಲಿಲ್ಲವಾದರೆ ವೈಡ್ ಆ್ಯಂಗಲ್ ಬೇಕು. ಫೋಕಲ್ ಲೆಂಗ್ತ್ ಯಾವುದೇ ಇರಲಿ, ಶಟರ್ ವೇಗ 1/15 ಸೆಕೆಂಡಿಗೆ ಇಳಿದು, ಐಎಸ್ಒ 6400ಕ್ಕೆ ಏರಿ, ಚಿತ್ರ ಅಲುಗಿದಂತೆ ಬಂದಿದ್ದರೆ ನಿಮಗೆ ಕೊರತೆಯಾಗಿರುವುದು ಬೆಳಕು. ಅದಕ್ಕೆ ಉತ್ತರ ಅಪರ್ಚರ್ ದೊಡ್ಡದಾಗಿರುವ ಪ್ರೈಮ್ ಲೆನ್ಸ್, ಅಂದರೆ ಝೂಮ್ ಇಲ್ಲದ, ಒಂದೇ ಫೋಕಲ್ ಲೆಂಗ್ತ್ ಇರುವ ಲೆನ್ಸ್. ಈ ಮೂರರಲ್ಲಿ ಯಾವುದೂ ಎದ್ದು ಕಾಣದಿದ್ದರೆ ಸದ್ಯಕ್ಕೆ ಏನನ್ನೂ ಕೊಳ್ಳದಿರುವುದೇ ಉತ್ತಮ.

ಎರಡನೆಯ ಹೆಜ್ಜೆ: ಸಂಖ್ಯೆಗಳನ್ನು ನಿಮ್ಮ ವಿಷಯಕ್ಕೆ ಹಚ್ಚಿ ನೋಡಿ

ಲೆನ್ಸಿನ ಮೇಲೆ ಬರೆದಿರುವ ಸಂಖ್ಯೆಗಳು ನೀವು ತೆಗೆಯುವ ವಸ್ತುವಿಗೆ ಅನ್ವಯಿಸಿ ನೋಡಿದಾಗ ಮಾತ್ರ ಅರ್ಥ ಕೊಡುತ್ತವೆ. ಉದಾಹರಣೆಗೆ ತಲೆಯಿಂದ ಬಾಲದ ತುದಿಯವರೆಗೆ ಸುಮಾರು 28 ಸೆಂ.ಮೀ. ಇರುವ ಬಿಳಿಕೊರಳಿನ ಮಿಂಚುಳ್ಳಿಯೊಂದು ಹತ್ತು ಮೀಟರ್ ಆಚೆಯ ಕೊಂಬೆಯಲ್ಲಿ ಕೂತಿದೆ ಎಂದುಕೊಳ್ಳಿ. ಫೋಕಲ್ ಲೆಂಗ್ತ್‌ ಅನ್ನು ದೂರದಿಂದ ಭಾಗಿಸಿ, ಬಂದದ್ದನ್ನು ವಸ್ತುವಿನ ಗಾತ್ರಕ್ಕೆ ಗುಣಿಸಿದರೆ ಸೆನ್ಸರ್ ಮೇಲೆ ಬೀಳುವ ಬಿಂಬದ ಗಾತ್ರ ಹೆಚ್ಚುಕಡಿಮೆ ಸಿಗುತ್ತದೆ. 55 ಮಿ.ಮೀ. ಲೆನ್ಸಿನಲ್ಲಿ ಆ ಹಕ್ಕಿಯ ಬಿಂಬ ಕೇವಲ ಒಂದೂವರೆ ಮಿಲಿಮೀಟರ್. ಹವ್ಯಾಸಿಗಳ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಗಾತ್ರದ ಸೆನ್ಸರಿನ ಎತ್ತರ ಸುಮಾರು 15.6 ಮಿ.ಮೀ. ಇರುವುದರಿಂದ ಹಕ್ಕಿ ಚಿತ್ರದ ಹತ್ತನೇ ಒಂದು ಭಾಗವಷ್ಟೇ ಆಯಿತು. 300 ಮಿ.ಮೀ.ನಲ್ಲಿ ಬಿಂಬ ಎಂಟೂವರೆ ಮಿಲಿಮೀಟರ್ ಆಗಿ ಅರ್ಧ ಎತ್ತರವನ್ನು ತುಂಬುತ್ತದೆ. ಅದೇ ಹಕ್ಕಿ ಇಪ್ಪತ್ತು ಮೀಟರ್ ದೂರಕ್ಕೆ ಹಾರಿ ಕೂತರೆ ಅಷ್ಟೇ ಗಾತ್ರಕ್ಕೆ 600 ಮಿ.ಮೀ. ಬೇಕು. ಹಾಗಾಗಿ ದೋಣಿ ಹಕ್ಕಿಗಳ ಸಮೀಪಕ್ಕೇ ಸಾಗುವ ರಂಗನತಿಟ್ಟಿನಂಥ ಕಡೆ 70-300 ಅಥವಾ 55-250 ಮಿ.ಮೀ. ಲೆನ್ಸು ತೃಪ್ತಿ ಕೊಡುತ್ತದೆ. ಕಬಿನಿಯ ಹಿನ್ನೀರಿನ ಬಯಲಿನಲ್ಲಿ ಪ್ರಾಣಿ ದೂರದಲ್ಲೇ ನಿಂತುಬಿಟ್ಟರೆ ಅದೇ ಲೆನ್ಸು ಸಾಲದೆ ಹೋಗುತ್ತದೆ.

ಫೋಕಲ್ ಲೆಂಗ್ತ್‌ ಬಗ್ಗೆ ಮಾತನಾಡುವಾಗ ಸೆನ್ಸರಿನ ಗಾತ್ರವನ್ನು ಮರೆಯುವಂತಿಲ್ಲ. ಫುಲ್ ಫ್ರೇಮ್ ಸೆನ್ಸರ್ ಹಳೆಯ ಫಿಲಂ ಚೌಕಟ್ಟಿನಷ್ಟೇ, ಅಂದರೆ 36 x 24 ಮಿ.ಮೀ. ಇರುತ್ತದೆ. ನಿಕಾನ್, ಸೋನಿ ಮತ್ತು ಫ್ಯೂಜಿಫಿಲ್ಮ್‌ನ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ದೃಶ್ಯದ ಹರವು ಒಂದೂವರೆ ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು, ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ ಎರಡು ಪಟ್ಟು ಕಿರಿದಾಗುತ್ತದೆ. ಹಿಂದಿನವರು ಫಿಲಂ ಕ್ಯಾಮೆರಾದಲ್ಲಿ 50 ಮಿ.ಮೀ.ಗೆ ಕೊಡುತ್ತಿದ್ದ ಸ್ಥಾನ ಇಂದಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ 35 ಮಿ.ಮೀ.ಗೆ ಸಲ್ಲಬೇಕು. ಮನೆಯೊಳಗೆ ಮಕ್ಕಳ ಚಿತ್ರ, ಹಬ್ಬದ ಅಡುಗೆಮನೆ, ಇಕ್ಕಟ್ಟಾದ ಪೇಟೆಯ ಬೀದಿ ಇವೇ ನಿಮ್ಮ ವಿಷಯಗಳಾಗಿದ್ದರೆ, ಎಲ್ಲರೂ ಹೇಳುವ 50 ಮಿ.ಮೀ.ಗಿಂತ 35 ಮಿ.ಮೀ. ಎಫ್/1.8 ಹೆಚ್ಚು ಕೆಲಸಕ್ಕೆ ಬರುತ್ತದೆ. ಒಬ್ಬೊಬ್ಬರದೇ ಭಾವಚಿತ್ರ ತೆಗೆಯುವವರಿಗೆ 50 ಮಿ.ಮೀ. ಸರಿ.

ಇನ್ನು ಅಪರ್ಚರ್, ಅಂದರೆ ಎಫ್/ ಎಂದು ಬರೆಯುವ ಸಂಖ್ಯೆ. 1.4, 2, 2.8, 4, 5.6, 8, 11, 16 ಎಂಬ ಸಾಲಿನಲ್ಲಿ ಒಂದೊಂದು ಮೆಟ್ಟಿಲು (ಇದಕ್ಕೆ ಸ್ಟಾಪ್ ಎನ್ನುತ್ತಾರೆ) ಮುಂದೆ ಹೋದಂತೆ ಒಳಬರುವ ಬೆಳಕು ಅರ್ಧವಾಗುತ್ತದೆ. ಕಿಟ್ ಲೆನ್ಸಿನ 55 ಮಿ.ಮೀ. ತುದಿಯಲ್ಲಿ ಸಿಗುವ ಎಫ್/5.6ಕ್ಕೂ, ಅಗ್ಗದ 50 ಮಿ.ಮೀ. ಪ್ರೈಮ್‌ನ ಎಫ್/1.8ಕ್ಕೂ ನಡುವೆ ಸುಮಾರು ಹತ್ತು ಪಟ್ಟು ಬೆಳಕಿನ ವ್ಯತ್ಯಾಸವಿದೆ. ಇದರ ಪರಿಣಾಮವನ್ನು ಯಕ್ಷಗಾನದ ರಂಗಸ್ಥಳದ ಎದುರು ಕೂತು ನೋಡಬೇಕು. ಕಿಟ್ ಲೆನ್ಸಿನಲ್ಲಿ ಐಎಸ್ಒ 6400 ಇಟ್ಟರೂ 1/60 ಸೆಕೆಂಡಿಗಿಂತ ವೇಗ ಸಿಗದ ಬೆಳಕಿನಲ್ಲಿ ವೇಷಧಾರಿಯ ಗಿರಕಿ ಬಣ್ಣದ ಮಸುಕಾಗಿ ಕರಗಿಹೋಗುತ್ತದೆ. ಎಫ್/1.8ರಲ್ಲಿ ಅದೇ ಐಎಸ್ಒಗೆ 1/500 ಸೆಕೆಂಡು ಸಿಗುತ್ತದೆ, ಕಿರೀಟದ ಮಣಿಗಳೂ ನಿಲ್ಲುತ್ತವೆ. ಲೆನ್ಸಿನೊಳಗಿನ ಅಲುಗಾಟ ತಡೆಯುವ ಸೌಲಭ್ಯ, ಅಂದರೆ ಕ್ಯಾನನ್ನಿನವರು ಐಎಸ್ ಎಂದೂ ನಿಕಾನಿನವರು ವಿಆರ್ ಎಂದೂ ಕರೆಯುವುದು, ಇಲ್ಲಿ ಪ್ರಯೋಜನಕ್ಕೆ ಬಾರದು. ಅದು ನಿಮ್ಮ ಕೈ ನಡುಗುವುದನ್ನು ಸರಿಪಡಿಸುತ್ತದೆಯೇ ಹೊರತು ಕುಣಿಯುವವರನ್ನು ನಿಲ್ಲಿಸುವುದಿಲ್ಲ. ರಂಗಕ್ಕೆ ಎಲ್ಇಡಿ ದೀಪಗಳಿದ್ದರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಕಾಣಿಸಿಕೊಳ್ಳುವ ಸಂಭವವಿದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಇಂಥ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತಿರಬಹುದು. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರಿಗೆ ಬದಲಾಯಿಸಿ, ನಿಧಾನದ ಪ್ರಸಂಗಗಳಲ್ಲಿ 1/100 ಸೆಕೆಂಡು ಇಟ್ಟರೆ ಈ ತೊಂದರೆ ಬಹಳಮಟ್ಟಿಗೆ ತಗ್ಗುತ್ತದೆ.

ದೊಡ್ಡ ಅಪರ್ಚರಿಗೂ ಅದರದೇ ಬೆಲೆಯಿದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು ಎಫ್/1.8ರಲ್ಲಿಟ್ಟು ಒಂದೂವರೆ ಮೀಟರ್ ದೂರದಿಂದ ಮುಖವೊಂದನ್ನು ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಆರು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿ ಮಸುಕು. ಅಜ್ಜಿ, ಮೊಮ್ಮಗಳು ಹಿಂದೆಮುಂದೆ ಕೂತಿದ್ದರೆ ಇಬ್ಬರಲ್ಲಿ ಒಬ್ಬರು ಮಾತ್ರ ಸ್ಪಷ್ಟ. ಅಂಥ ಚಿತ್ರಕ್ಕೆ ಎಫ್/4 ಅಥವಾ 5.6ಕ್ಕೆ ಇಳಿಸಲೇಬೇಕು. ಎಲ್ಲವೂ ಸ್ಪಷ್ಟವಾಗಿರಲಿ ಎಂದು ಎಫ್/22ರವರೆಗೆ ಹೋಗುವುದೂ ಸರಿಯಲ್ಲ, ಏಕೆಂದರೆ ಕಿರಿದಾದ ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಇಡೀ ಚಿತ್ರವೇ ಮೆದುವಾಗುತ್ತದೆ. ಎಪಿಎಸ್-ಸಿಯಲ್ಲಿ ಎಫ್/8ರಿಂದ 11ರ ಒಳಗೆ ಉಳಿಯುವುದು ಲೇಸು.

ಹೂವು, ಹುಳುಗಳ ಚಿತ್ರ ತೆಗೆಯಬೇಕೆನ್ನುವವರು ನೇರವಾಗಿ 90 ಅಥವಾ 100 ಮಿ.ಮೀ. ಮ್ಯಾಕ್ರೊ ಲೆನ್ಸಿಗೆ ಹೋಗುವ ಮೊದಲು ಎಕ್ಸ್‌ಟೆನ್ಷನ್ ಟ್ಯೂಬ್ ಬಳಸಿ ನೋಡಬಹುದು. ಇದು ಗಾಜಿಲ್ಲದ ಟೊಳ್ಳು ಉಂಗುರ. ಲೆನ್ಸಿಗೂ ಕ್ಯಾಮೆರಾದ ಬಾಡಿಗೂ ನಡುವೆ ಕೂರುತ್ತದೆ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಸೇರಿಸಿದರೆ ವಸ್ತುವಿನ ಅರ್ಧದಷ್ಟು ಗಾತ್ರದ ಬಿಂಬ ಸಿಗುತ್ತದೆ, 50 ಮಿ.ಮೀ. ಟ್ಯೂಬ್ ಸೇರಿಸಿದರೆ ಪೂರ್ಣ ಗಾತ್ರ. ದೂರದ ವಸ್ತುಗಳಿಗೆ ಫೋಕಸ್ ಆಗುವುದಿಲ್ಲ, ಬೆಳಕೂ ಕಡಿಮೆಯಾಗುತ್ತದೆ, ಆದರೆ ಈ ಹವ್ಯಾಸ ನಿಮಗೆ ಹಿಡಿಸುತ್ತದೆಯೇ ಎಂದು ಕಡಿಮೆ ಖರ್ಚಿನಲ್ಲಿ ತಿಳಿಯುತ್ತದೆ. ಕೊಳ್ಳುವಾಗ ವಿದ್ಯುತ್ ಸಂಪರ್ಕದ ಪಿನ್ನುಗಳಿರುವುದನ್ನೇ ಕೊಳ್ಳಿ. ಅವಿಲ್ಲದ ಟ್ಯೂಬಿನಲ್ಲಿ ಇಂದಿನ ಬಹುತೇಕ ಲೆನ್ಸುಗಳ ಅಪರ್ಚರನ್ನು ಬದಲಾಯಿಸಲು ಆಗುವುದಿಲ್ಲ.

ಮೂರನೆಯ ಹೆಜ್ಜೆ: ಲೆನ್ಸ್ ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ

ಲೆನ್ಸ್ ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ. ನಿಕಾನಿನ ಎಫ್ ಮೌಂಟ್, ಅಂದರೆ ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ ವ್ಯವಸ್ಥೆ, 1959ರಿಂದ ಬಳಕೆಯಲ್ಲಿದೆ. ಆದ್ದರಿಂದ ಆ ಮೌಂಟಿನ ಹಳೆಯ ಲೆನ್ಸುಗಳು ಹೇರಳವಾಗಿ, ಅಗ್ಗವಾಗಿ ಸಿಗುತ್ತವೆ. ಆದರೆ ಡಿ3000 ಮತ್ತು ಡಿ5000 ಸರಣಿಯ ಬಾಡಿಗಳೊಳಗೆ ಫೋಕಸ್ ಮೋಟಾರು ಇಲ್ಲ. 50 ಮಿ.ಮೀ. ಎಫ್/1.8ಡಿ ಲೆನ್ಸನ್ನು ಡಿ5600ಕ್ಕೆ ಹಾಕಿದರೆ ಅದು ಸರಿಯಾಗಿ ಕೂರುತ್ತದೆ, ಚಿತ್ರವನ್ನೂ ತೆಗೆಯುತ್ತದೆ, ಆದರೆ ಫೋಕಸ್ ಮಾತ್ರ ಕೈಯಿಂದ ತಿರುಗಿಸಬೇಕು. ಸ್ವಯಂ ಫೋಕಸ್ ಬೇಕಿದ್ದವರು ಹೆಸರಿನಲ್ಲಿ ಎಎಫ್-ಎಸ್ ಎಂದಿರುವುದನ್ನು, ಡಿ5600ರಂಥ ಹೊಸ ಬಾಡಿಗಾದರೆ ಎಎಫ್-ಪಿ ಎಂದಿರುವುದನ್ನೂ, ಹುಡುಕಬೇಕು. ನಿಕಾನಿನ ಝಡ್ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಬಾಡಿಗೆ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಇದೇ ಕಥೆ, ಆ ಅಡಾಪ್ಟರಿನಲ್ಲಿಯೂ ಮೋಟಾರಿಲ್ಲ.

ಕ್ಯಾನನ್ ಬಳಕೆದಾರರು ನೋಡಬೇಕಾದದ್ದು ಬೇರೆ. 1987ರಲ್ಲಿ ಬಂದ ಇಎಫ್ ಲೆನ್ಸುಗಳು ಅದರ ಎಲ್ಲ ಡಿಜಿಟಲ್ ಎಸ್‌ಎಲ್‌ಆರ್‌ಗಳಿಗೂ, ಅಂದರೆ ಒಳಗೆ ಕನ್ನಡಿಯಿರುವ ಕ್ಯಾಮೆರಾಗಳಿಗೂ, ಹೊಂದುತ್ತವೆ. ಇಎಫ್-ಎಸ್ ಎಂಬವು ಎಪಿಎಸ್-ಸಿ ಬಾಡಿಗಳಿಗೆ ಮಾತ್ರ, ಫುಲ್ ಫ್ರೇಮ್ ಎಸ್‌ಎಲ್‌ಆರ್‌ಗೆ ಅವು ಕೂರುವುದೇ ಇಲ್ಲ. 2018ರಲ್ಲಿ ಬಂದ ಆರ್‌ಎಫ್ ಮಿರರ್‌ಲೆಸ್ ಬಾಡಿಗೆ ಹಳೆಯ ಎರಡು ಬಗೆಯ ಲೆನ್ಸುಗಳನ್ನೂ ಅಡಾಪ್ಟರ್ ಮೂಲಕ ಹಾಕಬಹುದು, ಮತ್ತು ಸ್ವಯಂ ಫೋಕಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಾಗೆಂದು ಆರ್‌ಎಫ್ ಲೆನ್ಸನ್ನು ಹಳೆಯ ಎಸ್‌ಎಲ್‌ಆರ್‌ಗೆ ಹಾಕಲಾಗದು, ಏಕೆಂದರೆ ಮೌಂಟಿನಿಂದ ಸೆನ್ಸರಿಗಿರುವ ದೂರ ಹೊಸದರಲ್ಲಿ 20 ಮಿ.ಮೀ., ಹಳೆಯದರಲ್ಲಿ 44 ಮಿ.ಮೀ. ಸಿಗ್ಮಾ, ಟ್ಯಾಮ್ರಾನ್‌ನಂಥ ಇತರ ತಯಾರಕರು ಸೋನಿಯ ಇ ಮೌಂಟಿಗೆ ಬಹುಕಾಲದಿಂದ ಲೆನ್ಸ್ ಮಾಡುತ್ತಿದ್ದಾರೆ. ಕ್ಯಾನನ್ ಆರ್‌ಎಫ್‌ಗೆ ಅವರ ಸ್ವಯಂ ಫೋಕಸ್ ಲೆನ್ಸುಗಳು ಬರತೊಡಗಿದ್ದು 2024ರಲ್ಲಿ, ಅದೂ ಎಪಿಎಸ್-ಸಿ ಗಾತ್ರದವು. ಹೊಸದಾಗಿ ಬಾಡಿಯನ್ನೇ ಕೊಳ್ಳುವವರು ಈ ಅಂಶವನ್ನು ತೂಗಿ ನೋಡಬೇಕು. ಬಾಡಿ ನಾಲ್ಕೈದು ವರ್ಷಕ್ಕೆ ಹಳತಾದರೂ ಲೆನ್ಸುಗಳು ಅದಕ್ಕಿಂತ ಬಹಳ ಕಾಲ ನಿಮ್ಮ ಜೊತೆಗಿರುತ್ತವೆ.

ಲೆನ್ಸಿಗೂ ಬಾಡಿಗೂ ನಡುವೆ ಕೂತು ಫೋಕಲ್ ಲೆಂಗ್ತ್ ಹೆಚ್ಚಿಸುವ ಟೆಲಿಕನ್ವರ್ಟರ್ ಬಗ್ಗೆ ಒಂದು ಎಚ್ಚರಿಕೆ. 1.4 ಪಟ್ಟಿನದು ಒಂದು ಸ್ಟಾಪ್, ಎರಡು ಪಟ್ಟಿನದು ಎರಡು ಸ್ಟಾಪ್ ಬೆಳಕನ್ನು ನುಂಗುತ್ತದೆ. ಎಫ್/6.3ರ ಝೂಮ್‌ಗೆ 1.4 ಪಟ್ಟಿನದನ್ನು ಸೇರಿಸಿದರೆ ಅದು ಎಫ್/9 ಆಗುತ್ತದೆ, ಹೆಚ್ಚಿನ ಎಸ್‌ಎಲ್‌ಆರ್‌ಗಳ ಸ್ವಯಂ ಫೋಕಸ್ ಅಲ್ಲಿಗೆ ಕೈಚೆಲ್ಲುತ್ತದೆ. ಹವ್ಯಾಸಿಗಳ ಝೂಮ್ ಲೆನ್ಸುಗಳಿಗೆ ಇದು ಒಪ್ಪುವ ವಸ್ತುವಲ್ಲ.

ನಾಲ್ಕನೆಯ ಹೆಜ್ಜೆ: ಕೊಳ್ಳುವ ಮೊದಲು ಬಾಡಿಗೆಗೆ ತಂದು ನೋಡಿ

ಬೆಂಗಳೂರಿನಲ್ಲಿ ಲೆನ್ಸುಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರು ಹಲವರಿದ್ದಾರೆ. ಗುರುತಿನ ಚೀಟಿ ಮತ್ತು ಠೇವಣಿ ಕೇಳುತ್ತಾರೆ. ವರ್ಷಕ್ಕೆ ಎರಡು ಸಲ ಕಾಡಿಗೆ ಹೋಗುವವರಿಗೆ ಎರಡು ಕಿಲೋ ತೂಗುವ 150-600 ಮಿ.ಮೀ. ಲೆನ್ಸನ್ನು ಕೊಂಡು ಉಳಿದ ದಿನವೆಲ್ಲ ಕಪಾಟಿನಲ್ಲಿಡುವುದಕ್ಕಿಂತ ಬಾಡಿಗೆಯೇ ಲಾಭ. ಕೊಳ್ಳಲೇಬೇಕೆಂದಿರುವವರೂ ಒಂದು ವಾರಾಂತ್ಯ ಅದನ್ನು ಹೊತ್ತು ನಡೆದು ನೋಡಿದರೆ ತೂಕದ ಅರಿವಾಗುತ್ತದೆ. ಊರಿನಲ್ಲಿ ಛಾಯಾಗ್ರಾಹಕರ ಸಂಘವಿದ್ದರೆ ಸದಸ್ಯರಾಗುವುದು ಇನ್ನೂ ಒಳ್ಳೆಯದು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ನಡೆದುಬಂದಿದೆ. ಇಂಥ ಕಡೆ ಹಿರಿಯರ ಲೆನ್ಸನ್ನು ನಿಮ್ಮ ಕ್ಯಾಮೆರಾಕ್ಕೆ ಹಾಕಿ ನಾಲ್ಕು ಚಿತ್ರ ತೆಗೆಯುವ ಅವಕಾಶ ಸಿಗುತ್ತದೆ.

ಸಫಾರಿಗೆ ಹೊರಡುವವರು ಇನ್ನೊಂದನ್ನು ಗಮನಿಸಬೇಕು. ನಾಗರಹೊಳೆ, ಬಂಡೀಪುರದಂಥ ಕಡೆ ಕ್ಯಾಮೆರಾ ಶುಲ್ಕವನ್ನು ಲೆನ್ಸಿನ ಫೋಕಲ್ ಲೆಂಗ್ತ್ ನೋಡಿ ವಿಧಿಸುವ ಪದ್ಧತಿ ಇದೆ. ದರಗಳು ಬದಲಾಗುತ್ತಿರುವುದರಿಂದ ಟಿಕೆಟ್ ಕಾದಿರಿಸುವಾಗಲೇ ವಿಚಾರಿಸಿಕೊಳ್ಳಿ.

ಐದನೆಯ ಹೆಜ್ಜೆ: ಹಳೆಯ ಲೆನ್ಸನ್ನು ಪರೀಕ್ಷಿಸುವ ಕ್ರಮ

ಒಳ್ಳೆಯ ಸ್ಥಿತಿಯಲ್ಲಿರುವ ಬಳಸಿದ ಲೆನ್ಸನ್ನು ಕೊಳ್ಳುವುದರಲ್ಲಿ ಯಾವ ಕೊರತೆಯೂ ಇಲ್ಲ, ಪರೀಕ್ಷಿಸುವ ತಾಳ್ಮೆ ಬೇಕು ಅಷ್ಟೆ. ಮಾರುವವರನ್ನು ಹಗಲು ಹೊತ್ತಿನಲ್ಲೇ ಭೇಟಿಯಾಗಿ, ನಿಮ್ಮ ಬಾಡಿ, ಖಾಲಿ ಮೆಮೊರಿ ಕಾರ್ಡ್, ಒಂದು ಸಣ್ಣ ಟಾರ್ಚ್ ಮತ್ತು ಸಾಧ್ಯವಾದರೆ ಲ್ಯಾಪ್‌ಟಾಪ್ ಜೊತೆಗಿರಲಿ.

ಮೊದಲು ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂಬದಿಯಿಂದ ಟಾರ್ಚಿನ ಬೆಳಕನ್ನು ಸ್ವಲ್ಪ ಓರೆಯಾಗಿ ಬಿಟ್ಟು, ಮುಂಬದಿಯಿಂದ ನೋಡಿ. ಒಳಗೆ ಒಂದೆರಡು ಧೂಳಿನ ಕಣ ಕಂಡರೆ ಗಾಬರಿ ಬೇಡ, ಹೊಸ ಲೆನ್ಸಿನಲ್ಲೂ ಅವು ಇರುತ್ತವೆ. ಅಂಚಿನಿಂದ ನಡುವಿನ ಕಡೆಗೆ ಕವಲೊಡೆದು ಹರಡಿರುವ, ಜೇಡರ ಬಲೆಯ ಎಳೆಗಳಂಥ ಗೆರೆಗಳು ಕಂಡರೆ ಅದು ಬೂಷ್ಟು. ಬೆಳಕನ್ನು ಹಾಯಿಸಿದಾಗ ಇಡೀ ಗಾಜು ತೆಳುವಾದ ಹಾಲಿನಂತೆ ಮಬ್ಬಾಗಿ ಕಂಡರೆ ಒಳಗಿನ ಎಣ್ಣೆಯ ಆವಿ ಗಾಜಿನ ಮೇಲೆ ಕೂತಿದೆ ಎಂದು ತಿಳಿಯಬೇಕು. ಇವೆರಡರಲ್ಲಿ ಯಾವುದಿದ್ದರೂ ಚೌಕಾಸಿಗೆ ನಿಲ್ಲದೆ ಹಿಂದಿರುಗಿ. ಮುಂದಿನ ಗಾಜಿನ ಮೇಲಿನ ಸಣ್ಣ ಗೀರು ಚಿತ್ರದ ಮೇಲೆ ಬೀರುವ ಪರಿಣಾಮ ಅತ್ಯಲ್ಪ, ಆದರೆ ಹಿಂದಿನ ಗಾಜಿನ ಮೇಲಿನ ಗೀರು ತೊಂದರೆ ಕೊಡುತ್ತದೆ. ಮುಂದಿನ ಗೀರನ್ನು ತೋರಿಸಿ ಬೆಲೆ ಇಳಿಸಿಕೊಳ್ಳಬಹುದು.

ಆಮೇಲೆ ಮೌಂಟಿನ ಲೋಹವನ್ನು, ಅದರ ಸ್ಕ್ರೂಗಳನ್ನು ನೋಡಿ. ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಅದನ್ನು ಬಿಚ್ಚಿದ್ದಾರೆ. ಝೂಮ್ ಮತ್ತು ಫೋಕಸ್ ಉಂಗುರಗಳನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿದಾಗ ಎಲ್ಲಿಯೂ ಮರಳು ಸಿಕ್ಕಂಥ ಕಿರುಗುಟ್ಟುವಿಕೆ ಇರಕೂಡದು. ಲೆನ್ಸನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ಅಲ್ಲಾಡಿಸಿ. ಅಲುಗಾಟ ತಡೆಯುವ ಲೆನ್ಸುಗಳಲ್ಲಿ ಸಣ್ಣ ಸದ್ದು ಸಹಜ, ಬಿಡಿಭಾಗ ಉರುಳಿದಂಥ ಸದ್ದು ಸಹಜವಲ್ಲ.

ಕೊನೆಗೆ ಚಿತ್ರ ತೆಗೆದು ನೋಡುವುದು. ಇಟ್ಟಿಗೆ ಗೋಡೆಯೊಂದರ ಎದುರು ಕ್ಯಾಮೆರಾವನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದು, ಅಪರ್ಚರನ್ನು ಪೂರ್ತಿ ತೆರೆದು ಚಿತ್ರ ತೆಗೆಯಿರಿ. ಝೂಮ್ ಲೆನ್ಸಾದರೆ ಎರಡೂ ತುದಿಗಳಲ್ಲಿ ತೆಗೆಯಬೇಕು. ಅದನ್ನು ದೊಡ್ಡದು ಮಾಡಿ ನಾಲ್ಕು ಮೂಲೆಗಳನ್ನು ಹೋಲಿಸಿ. ನಾಲ್ಕೂ ಮೂಲೆ ಒಂದೇ ಪ್ರಮಾಣದಲ್ಲಿ ಮೆದುವಾಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಬದಿ ಮಸುಕಾಗಿದ್ದು ಇನ್ನೊಂದು ಬದಿ ಚುರುಕಾಗಿದ್ದರೆ, ಕ್ಯಾಮೆರಾ ಓರೆಯಾಗಿರಲಿಲ್ಲ ಎಂದು ಮತ್ತೊಮ್ಮೆ ತೆಗೆದು ಖಚಿತಪಡಿಸಿಕೊಂಡ ಮೇಲೆ, ಒಳಗಿನ ಗಾಜು ಸ್ಥಾನ ತಪ್ಪಿದೆ ಎಂದು ತೀರ್ಮಾನಿಸಿ. ಹೆಚ್ಚಾಗಿ ಇದು ಕೆಳಗೆ ಬಿದ್ದ ಲೆನ್ಸ್. ನಂತರ ಎಫ್/16ಕ್ಕೆ ಇಳಿಸಿ ನಾಲ್ಕಾರು ಚಿತ್ರ ಒಂದರ ಹಿಂದೊಂದು ತೆಗೆಯಿರಿ. ಒಂದು ಕಪ್ಪು ಒಂದು ಬಿಳಿಚು ಎಂದು ಬಂದರೆ ಅಪರ್ಚರಿನ ಎಲೆಗಳು ಜಿಡ್ಡಿನಿಂದ ಅಂಟಿಕೊಳ್ಳುತ್ತಿವೆ.

ಬಿಲ್ಲನ್ನು ಕೇಳಿ ಪಡೆಯಿರಿ, ಅದರಲ್ಲಿನ ಸರಣಿ ಸಂಖ್ಯೆ ಲೆನ್ಸಿನ ಮೇಲಿನದಕ್ಕೆ ತಾಳೆಯಾಗಬೇಕು. ಬಿಲ್ಲಿಲ್ಲದೆ ಹೊರದೇಶದಿಂದ ತಂದು ಮಾರುವ ಹೊಸ ಲೆನ್ಸುಗಳು ಅಗ್ಗವಾಗಿ ಕಂಡರೂ ತಯಾರಕರ ಭಾರತದ ವಾರಂಟಿ ಅವುಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಆರನೆಯ ಹೆಜ್ಜೆ: ಪರಿಕರಗಳಲ್ಲಿ ಬೇಕಾದವು, ಬೇಡದವು

ಟ್ರೈಪಾಡ್ ಒಂದನ್ನು ಬಿಟ್ಟರೆ ಉಳಿದ ಪರಿಕರಗಳಿಗೆ ಅವಸರವಿಲ್ಲ. ಟ್ರೈಪಾಡ್ ಮಾತ್ರ ಅಗ್ಗದ್ದನ್ನು ಕೊಂಡರೆ ಎರಡು ಸಲ ಕೊಳ್ಳಬೇಕಾಗುತ್ತದೆ. ಪ್ಲಾಸ್ಟಿಕ್ ತಲೆಯ, ನಡುವಿನ ಕಂಬವನ್ನು ಹಿಡಿಕೆಯಿಂದ ಮೇಲಕ್ಕೆ ಸುತ್ತುವಂಥವು ಮೊಬೈಲಿಗೆ ಸಾಕು, 70-300 ಮಿ.ಮೀ. ಲೆನ್ಸ್ ಹಾಕಿದ ಕ್ಯಾಮೆರಾಕ್ಕೆ ಸಾಲವು. ನಡುವಿನ ಕಂಬವನ್ನು ಏರಿಸದೆಯೇ ನಿಮ್ಮ ಎದೆಯ ಎತ್ತರಕ್ಕೆ ಬರುವ, ಬಾಲ್ ಹೆಡ್ (ಎಲ್ಲ ದಿಕ್ಕಿಗೂ ತಿರುಗುವ ಗುಂಡು ತಲೆ) ಮತ್ತು ಆರ್ಕಾ ಸ್ವಿಸ್ ಮಾದರಿಯ (ಕ್ಯಾಮೆರಾವನ್ನು ಬೇಗ ಹಾಕಿ ತೆಗೆಯುವ) ಪ್ಲೇಟ್ ಇರುವ ಟ್ರೈಪಾಡನ್ನು ಹುಡುಕಿ. ಅಂಗಡಿಯಲ್ಲೇ ಕ್ಯಾಮೆರಾ ಹಾಕಿ, ಕಾಲೊಂದನ್ನು ಬೆರಳಿನಿಂದ ತಟ್ಟಿ, ಪರದೆಯ ಮೇಲೆ ದೃಶ್ಯವನ್ನು ದೊಡ್ಡದು ಮಾಡಿ ನೋಡಿದರೆ ನಡುಕ ನಿಲ್ಲಲು ಎಷ್ಟು ಹೊತ್ತು ಬೇಕು ಎಂದು ಕಣ್ಣಿಗೇ ಕಾಣುತ್ತದೆ. ಬಳಸುವಾಗ ಎರಡು ಸೆಕೆಂಡಿನ ಟೈಮರ್ ಇಡಿ. ಲೆನ್ಸಿನ ಅಲುಗಾಟ ತಡೆಯನ್ನು ಆಫ್ ಮಾಡಿ. ಹಂಪಿ, ಬೇಲೂರಿನಂಥ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಬೇಲೂರಿನ ಚೆನ್ನಕೇಶವನ ನವರಂಗದ ಮಬ್ಬಿನಲ್ಲಿ ಕಂಬಗಳ ಚಿತ್ರ ತೆಗೆಯಬೇಕೆನ್ನುವ ಹವ್ಯಾಸಿಗೆ ಅಲ್ಲೂ 35 ಮಿ.ಮೀ. ಎಫ್/1.8ರಂಥ ಲೆನ್ಸೇ ಗತಿ.

ಜೀಪಿನಲ್ಲಿ ಟ್ರೈಪಾಡ್ ನಡೆಯುವುದಿಲ್ಲ, ಬೀನ್ ಬ್ಯಾಗ್ ನಡೆಯುತ್ತದೆ. ಗಟ್ಟಿ ಬಟ್ಟೆಯ ಚೀಲವನ್ನು ಖಾಲಿಯಾಗಿ ಒಯ್ದು, ಹೋದ ಊರಿನ ಅಂಗಡಿಯಲ್ಲಿ ಎರಡು ಕಿಲೋ ಅಕ್ಕಿಯನ್ನೋ ಹೆಸರುಕಾಳನ್ನೋ ತುಂಬಿಸಿಕೊಂಡು, ಕಿಟಕಿಯ ಕಂಬಿಯ ಮೇಲಿಟ್ಟು ಲೆನ್ಸನ್ನು ಅದರೊಳಕ್ಕೆ ಅದುಮಿ ಕೂರಿಸಿ. ಎಂಜಿನ್ ನಿಂತ ಮೇಲೆ ಇದರಷ್ಟು ಭದ್ರವಾದ ಆಸರೆ ಜೀಪಿನಲ್ಲಿ ಬೇರೊಂದಿಲ್ಲ. ದೋಣಿಯಲ್ಲಾದರೆ ಯಾವ ಆಸರೆಯೂ ಬೇಡ, ಕೈಯಲ್ಲೇ ಹಿಡಿದು 1/1000 ಸೆಕೆಂಡಿನ ಮೇಲೆ ಶಟರ್ ವೇಗ ಇರಿಸಿಕೊಳ್ಳಿ.

ಫಿಲ್ಟರುಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಸರ್ಕ್ಯುಲರ್ ಪೋಲರೈಸರ್‌ಗೆ, ಏಕೆಂದರೆ ಅದರ ಪರಿಣಾಮವನ್ನು ಆಮೇಲೆ ಕಂಪ್ಯೂಟರಿನಲ್ಲಿ ತರಲಾಗುವುದಿಲ್ಲ. ಮಳೆ ನಿಂತ ಮೇಲೆ ಮಲೆನಾಡಿನ ಕಾಡಿನಲ್ಲಿ ಎಲೆಗಳೆಲ್ಲ ಬಿಳಿಯಾಗಿ ಹೊಳೆಯುತ್ತಿರುತ್ತವೆ. ಪೋಲರೈಸರನ್ನು ನಿಧಾನವಾಗಿ ತಿರುಗಿಸುತ್ತ ಹೋದಂತೆ ಆ ಹೊಳಪು ಕಳಚಿ ಒಳಗಿನ ಹಸಿರು ಮೇಲೆದ್ದು ಬರುತ್ತದೆ, ತೊರೆಯ ನೀರಿನಡಿಯ ಕಲ್ಲುಗಳೂ ಕಾಣತೊಡಗುತ್ತವೆ. ಆಕಾಶದ ಮೇಲೆ ಇದರ ಪ್ರಭಾವ ಸೂರ್ಯನಿಗೆ ಲಂಬಕೋನದ ದಿಕ್ಕಿನಲ್ಲಿ ಅತಿ ಹೆಚ್ಚು. ಇದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ತಿನ್ನುತ್ತದೆ ಎಂಬುದು ತೊರೆ, ಜಲಪಾತಗಳ ಚಿತ್ರಕ್ಕೆ ಅನುಕೂಲವೇ ಆಯಿತು: ಮರಗಳ ನೆರಳಿನಲ್ಲಿ ಐಎಸ್ಒ 100, ಎಫ್/11 ಇಟ್ಟರೆ ಅರ್ಧ ಸೆಕೆಂಡಿನಷ್ಟು ಶಟರ್ ಸುಲಭವಾಗಿ ಸಿಕ್ಕು ನೀರು ರೇಷ್ಮೆಯಾಗುತ್ತದೆ. ಬೆಳಕನ್ನಷ್ಟೇ ತಗ್ಗಿಸುವ ಎನ್‌ಡಿ ಫಿಲ್ಟರಿನ ಅಗತ್ಯ ಬೀಳುವುದು ಬಯಲಿನ ಬಿಸಿಲಿನಲ್ಲಿ, ಆಗ ಆರು ಸ್ಟಾಪಿನದನ್ನು ಆರಿಸಿಕೊಳ್ಳಿ. ನಿಮ್ಮಲ್ಲಿರುವ ಲೆನ್ಸುಗಳಲ್ಲಿ ಅತಿ ದೊಡ್ಡ ವ್ಯಾಸದ್ದಕ್ಕೆ ಒಂದೇ ಫಿಲ್ಟರ್ ಕೊಂಡು, ಚಿಕ್ಕವಕ್ಕೆ ಸ್ಟೆಪ್-ಅಪ್ ಉಂಗುರ ಹಾಕಿಕೊಂಡರೆ ಖರ್ಚು ಉಳಿಯುತ್ತದೆ.

ಯುವಿ ಫಿಲ್ಟರನ್ನು ಅಂಗಡಿಯವರು ಲೆನ್ಸಿನ ಜೊತೆಗೇ ಕಟ್ಟಿಕೊಡಲು ನೋಡುತ್ತಾರೆ. ಡಿಜಿಟಲ್ ಸೆನ್ಸರಿಗೆ ಅದರಿಂದ ಆಗುವ ಉಪಕಾರವಿಲ್ಲ, ಅಗ್ಗದ ಗಾಜಾದರೆ ದೀಪದ ಎದುರು ಪ್ರತಿಫಲನದ ಕಲೆಗಳು ಬೇರೆ. ಲೆನ್ಸ್ ಹುಡ್ ಸದಾ ಹಾಕಿಕೊಂಡಿದ್ದರೆ ಅಡ್ಡ ಬೆಳಕನ್ನೂ ತಡೆಯುತ್ತದೆ, ಪೆಟ್ಟನ್ನೂ ತಡೆಯುತ್ತದೆ. ಮಲ್ಪೆ, ಮುರುಡೇಶ್ವರದ ಕಡಲ ದಂಡೆಯಲ್ಲಿ ಉಪ್ಪುನೀರಿನ ತುಂತುರು ಬೀಳುವಾಗ ಮಾತ್ರ ಒಳ್ಳೆಯ ಗುಣಮಟ್ಟದ ಪಾರದರ್ಶಕ ಫಿಲ್ಟರ್ ಹಾಕುವುದು ಸಮಂಜಸ.

ಮೆಮೊರಿ ಕಾರ್ಡ್ ವಿ30 ದರ್ಜೆಯದು (ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವಂಥದು) ಬಹುತೇಕ ಹವ್ಯಾಸಿಗಳಿಗೆ ಸಾಕು, ಮತ್ತು ಒಂದು ದೊಡ್ಡದಕ್ಕಿಂತ 64 ಜಿಬಿಯ ಎರಡು ಮೇಲು. ನಕಲಿ ಕಾರ್ಡುಗಳ ಹಾವಳಿ ಇರುವುದರಿಂದ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿದ ಮೇಲೆಯೇ ಬಳಕೆಗೆ ಇಡಿ. ಹೆಚ್ಚುವರಿ ಬ್ಯಾಟರಿ ಒಂದಿರಲಿ, ವಿಮಾನದಲ್ಲಿ ಅದನ್ನು ಕೈಚೀಲದಲ್ಲೇ ಒಯ್ಯಬೇಕು.

ಏಳನೆಯ ಹೆಜ್ಜೆ: ತೇವ, ಧೂಳುಗಳಿಂದ ಕಾಪಾಡುವುದು

ಕಲಬುರಗಿ, ವಿಜಯಪುರದ ಕಡೆಯವರಿಗೆ ಧೂಳು ಶತ್ರುವಾದರೆ ಕರಾವಳಿ, ಮಲೆನಾಡಿನವರಿಗೆ ತೇವ. ಧೂಳಿಗೆ ಕ್ರಮ ಹೀಗಿದೆ: ಮೊದಲು ರಬ್ಬರ್ ಬ್ಲೋವರಿನಿಂದ ಊದಿ, ಉಳಿದದ್ದನ್ನು ಮೆದು ಕುಂಚದಿಂದ ಒರೆಸಿ, ಕಲೆ ಇನ್ನೂ ಇದ್ದರೆ ಮಾತ್ರ ಲೆನ್ಸ್ ದ್ರಾವಣವನ್ನು ಮೈಕ್ರೊಫೈಬರ್ ಬಟ್ಟೆಗೆ ಒಂದು ಹನಿ ಹಾಕಿಕೊಂಡು ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಒರೆಸಬೇಕು. ದ್ರಾವಣವನ್ನು ನೇರವಾಗಿ ಗಾಜಿನ ಮೇಲೆ ಸುರಿದರೆ ಅಂಚಿನಿಂದ ಒಳಗಿಳಿಯುತ್ತದೆ. ಅಂಗಿಯ ತುದಿಯಿಂದ ಒರೆಸುವ ಅಭ್ಯಾಸವಿದ್ದರೆ ಇಂದೇ ಬಿಡಿ, ಬಟ್ಟೆಯಲ್ಲಿ ಸಿಕ್ಕಿಕೊಂಡ ಮಣ್ಣಿನ ಕಣ ಲೇಪನವನ್ನು ಗೀರುತ್ತದೆ.

ಬೂಷ್ಟಿನ ವಿಷಯಕ್ಕೆ ಬಂದರೆ, ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 60ಕ್ಕಿಂತ ಮೇಲೆ ಬಹುದಿನ ಉಳಿದಾಗ, ಕತ್ತಲೆಯಲ್ಲಿ ಬಳಸದೆ ಇಟ್ಟ ಲೆನ್ಸಿನೊಳಗೆ ಅದು ಹುಟ್ಟುತ್ತದೆ. ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರ್ದ್ರತೆ ಶೇ. 80 ದಾಟುವುದು ಸಾಮಾನ್ಯ. ಆಗುಂಬೆ, ಮಡಿಕೇರಿಯ ಮನೆಗಳಲ್ಲಿ ಚರ್ಮದ ಚಪ್ಪಲಿಯ ಮೇಲೂ ಬೂಷ್ಟು ಕೂರುವ ಕಾಲವದು. ಅಂಥ ಊರಿನಲ್ಲಿ ಕ್ಯಾಮೆರಾ ಚೀಲವನ್ನೇ ಲೆನ್ಸಿನ ಮನೆಯಾಗಿಸಬಾರದು, ಚೀಲದ ಸ್ಪಂಜು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ನಾಲ್ಕಾರು ಲೆನ್ಸುಗಳಿರುವವರು ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಂಡು ಆರ್ದ್ರತೆಯನ್ನು ಶೇ. 40ರಿಂದ 50ರ ನಡುವೆ ಇರಿಸಬಹುದು. ಒಂದೆರಡೇ ಇರುವವರಿಗೆ ರಬ್ಬರಿನ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಕಾಲು ಕಿಲೋ ಸಿಲಿಕಾ ಜೆಲ್ ಮತ್ತು ಒಂದು ಪುಟ್ಟ ಆರ್ದ್ರತಾಮಾಪಕ ಸಾಕು. ಬಣ್ಣ ಬದಲಿಸುವ ಜೆಲ್‌ನಲ್ಲಿ ಎರಡು ಬಗೆಗಳಿವೆ. ನೀಲಿಯದು ತೇವ ಹೀರಿದಾಗ ಗುಲಾಬಿಯಾಗುತ್ತದೆ, ಕಿತ್ತಳೆಯದು ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಮಕ್ಕಳಿರುವ ಮನೆಗೆ ಕಿತ್ತಳೆಯದೇ ಒಳ್ಳೆಯದು. ಬಣ್ಣ ತಿರುಗಿದ ಜೆಲ್ಲನ್ನು ಎಸೆಯದೆ, ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ, ಓವನ್ನಿನಲ್ಲಿ 120 ಡಿಗ್ರಿ ಸೆಲ್ಸಿಯಸ್ ದಾಟದಂತೆ ಒಂದೆರಡು ಗಂಟೆ ಬಿಸಿ ಮಾಡಿ, ಪೂರ್ತಿ ತಣಿದ ಮೇಲೆ ಮತ್ತೆ ಡಬ್ಬಕ್ಕೆ ಸೇರಿಸಬಹುದು. ಮಾಪಕದ ಮುಳ್ಳು ಶೇ. 30ಕ್ಕಿಂತ ಕೆಳಗಿಳಿದರೆ ಜೆಲ್ ಸ್ವಲ್ಪ ಕಡಿಮೆ ಮಾಡಿ, ಅತಿಯಾದ ಒಣಹವೆಯೂ ರಬ್ಬರು ಮತ್ತು ಎಣ್ಣೆಗೆ ಹಿತವಲ್ಲ.

ಹವಾನಿಯಂತ್ರಿತ ಕೋಣೆಯಿಂದ ಅಥವಾ ಕಾರಿನಿಂದ ಇಳಿದು ಕರಾವಳಿಯ ಸೆಕೆಗೆ ಕಾಲಿಟ್ಟ ತಕ್ಷಣ ತಣ್ಣಗಿನ ಗಾಜಿನ ಮೇಲೆ ನೀರಿನ ಪದರ ಕೂರುತ್ತದೆ. ಚೀಲದ ಜಿಪ್ ತೆರೆಯದೆ ಅರ್ಧ ಗಂಟೆ ಹಾಗೆಯೇ ಬಿಡಿ. ಮಳೆಯಲ್ಲಿ ನೆನೆದು ಬಂದ ದಿನ ಹೊರಮೈಯನ್ನು ಒಣ ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ರಾತ್ರಿ ಇಟ್ಟು, ಮರುದಿನವೇ ಡಬ್ಬಕ್ಕೆ ಹಾಕಿ.

ಇಷ್ಟಾಗಿಯೂ ಬೂಷ್ಟು ಕಂಡರೆ ಬಿಸಿಲಿಗಿಟ್ಟರೆ ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಬೆಳವಣಿಗೆ ನಿಂತೀತು, ಆದರೆ ಎಳೆಗಳು ಅಲ್ಲೇ ಉಳಿಯುತ್ತವೆ, ಮತ್ತು ಹೆಚ್ಚು ಕಾಲ ಬಿಟ್ಟರೆ ಅವು ಸ್ರವಿಸುವ ಆಮ್ಲ ಗಾಜಿನ ಲೇಪನವನ್ನೇ ಕೊರೆದು ಅಚ್ಚಾಗುತ್ತದೆ. ಆರಂಭದಲ್ಲೇ ಕಂಡದ್ದಾದರೆ ಲೆನ್ಸನ್ನು ಬೇರೆ ಡಬ್ಬದಲ್ಲಿಟ್ಟು, ಬಿಚ್ಚಿ ಶುಚಿ ಮಾಡುವ ಅನುಭವಿ ರಿಪೇರಿಯವರಿಗೆ ತೋರಿಸಿ, ಕೆಲಸಕ್ಕೆ ಒಪ್ಪಿಸುವ ಮೊದಲು ವೆಚ್ಚದ ಅಂದಾಜು ಬರೆಸಿಕೊಳ್ಳಿ. 18-55ರಂಥ ಕಿಟ್ ಲೆನ್ಸಿಗಾದರೆ ಆ ವೆಚ್ಚದಲ್ಲಿ ಬಳಸಿದ ಇನ್ನೊಂದು ಲೆನ್ಸೇ ಸಿಗಬಹುದು, ಮ್ಯಾಕ್ರೊ ಅಥವಾ ದುಬಾರಿ ಟೆಲಿಫೋಟೊಗಾದರೆ ಶುಚಿ ಮಾಡಿಸುವುದೇ ಲಾಭ.